ಊತಿ ಮಾಸ್ತರರು

ನಿಪ್ಪಾಣಿಯ ಕನ್ನಡ ಶಾಲೆಯಲ್ಲಿ ನಮಗೆ ವಿಜ್ಞಾನ ಕಲಿಸುತ್ತಿದ್ದ ಮಾಸ್ತರರು ಮರಾಠಿಯಲ್ಲಿ ಓದಿದವರು. ಯಾರನ್ನೂ ನಂಬುತ್ತಿರಲಿಲ್ಲ. ನಾವು ತಲೆಯಾಡಿಸಿದರೆ ಸಾಕು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಖರೇನ ತಿಳದೈತೋ, ಸುಮ್ನ ಹೂಂ ಅಂತೀಯೋ?" ಎನ್ನುವರು. ಅಂಗಾಂಶ ಎನ್ನಲು ಅವರ ನಾಲಿಗೆ ಹೊರಳದು. ಮರಾಠಿಯ 'ಊತಿ' ಎಂದೇ ಹೇಳುವರು.

"ಹೊದಿಕಿ, ಜೋಡಣಿ, ಸ್ನಾಯು, ನರ, ಈ ನಾಕು ಊತಿ ಕೂಡಿದ್ರ ಹೊಟ್ಟಿ ಆಗ್ತೈತಿ" ಎಂದರೊಮ್ಮೆ. ನನಗದು ಊತವೆಂದೇ ಕೇಳಿಸಿತು. ಆದರೂ ಹೂಂ ಅಂದೆ, ಅವರು ನಂಬಲಿಲ್ಲ.

ಸಂಜೆ ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ, "ನಿನ್ನ ಹೊಟ್ಟ್ಯಾಗೂ ನಾಕು ಊತ ಅದಾವಂತ, ಮಾಸ್ತರ್ ಹೇಳ್ಯಾರ" ಅಂದೆ.

ಅವಳ ಕೈ ನಿಂತಿತು. ನನ್ನನ್ನೇ ದಿಟ್ಟಿಸಿದಳು.

"ನಾಕಲ್ಲ, ಒಂದ ಐತಿ. ಯಾರ ಮುಂದೂ ಹೇಳಿಲ್ಲ ನಾ. ನಿಮ್ಮ ಮಾಸ್ತರಗ ಹ್ಯಾಂಗ ಗೊತ್ತಾತು?"