ಹಿಂದಿನ ಮನೆಯ ಸ್ವಿಚ್ಚು

ನಮ್ಮ ಬೀದಿಯ ಟೈಲರ್ ತಮ್ಮ ಮನೆಯ ಹಿಂದಿನ ಎರಡು ಕೋಣೆಗಳನ್ನು ಬಾಡಿಗೆಗೆ ಕೊಟ್ಟಿದ್ದರು. ಅಲ್ಲಿ ಏನು ಕೆಟ್ಟರೂ ರಿಪೇರಿ ಅವರದ್ದೇ, ಅಂದರೆ ಬರೀ ತೇಪೆ. ಸೋರುವ ನಲ್ಲಿಗೆ ಚಿಂದಿ ಸುತ್ತಿದರು, ಚಿಲಕ ಮುರಿದ ಬಾಗಿಲಿಗೆ ಲಾಡಿ ಕಟ್ಟಿದರು.

ಅಡುಗೆಮನೆಯ ಸ್ವಿಚ್ಚು ಶಾಕ್ ಹೊಡೆಯುತ್ತದೆಂದು ಬಾಡಿಗೆಗಿದ್ದ ನರ್ಸಮ್ಮ ಬಂದು ಹೇಳಿದಳು. ಅದಕ್ಕೆ ತೇಪೆ ಹಾಕುವುದು ಹೇಗೆ?

"ಎಲೆಕ್ಟ್ರಿಷಿಯನ್‌ಗೆ ಹೇಳ್ತೀನಮ್ಮ. ಅಲ್ಲೀವರೆಗೂ ಮರದ ಸೌಟಲ್ಲಿ ಒತ್ತಿ," ಎಂದು ಟೈಲರ್ ಕೈ ತೊಳೆದುಕೊಂಡರು.

ಅವಳು ಇನ್ನೆರಡು ಸಲ ನೆನಪಿಸಿ, ಆಮೇಲೆ ಸುಮ್ಮನಾದಳು. ಆ ಮೌನವೇ ಇವರನ್ನು ಚುಚ್ಚತೊಡಗಿತು. ಅವಳು ಎದುರಾದಾಗಲೆಲ್ಲ ಸೂಜಿಗೆ ದಾರ ಪೋಣಿಸುವವರಂತೆ ತಲೆ ತಗ್ಗಿಸುತ್ತಿದ್ದರು. ಎಲೆಕ್ಟ್ರಿಷಿಯನ್‌ಗೆ ಮಾತ್ರ ಹೇಳಲಿಲ್ಲ.

ಒಂದು ಸಂಜೆ ನರ್ಸಮ್ಮ ತನ್ನ ಪುಟ್ಟ ಮಗಳನ್ನು ಇವರ ಹತ್ತಿರ ಬಿಟ್ಟು ಡ್ಯೂಟಿಗೆ ಹೋದಳು. ಬಟ್ಟೆಯ ಮೇಲೆ ಹೊಲಿಗೆ ಕಾಣದಷ್ಟು ಕತ್ತಲಾಯಿತು.

"ಲೈಟ್ ಹಾಕು ಪುಟ್ಟಿ," ಎಂದರು ಟೈಲರ್.

ಮಗು ಸ್ವಿಚ್ಚಿನ ಹತ್ತಿರ ಹೋಗಿ, ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿತು.

"ತಾತ, ನಿಮ್ಮನೆ ಸೌಟು ಎಲ್ಲಿಟ್ಟಿದ್ದೀರಾ?"

ಮಿಷನ್ ತುಳಿಯುತ್ತಿದ್ದ ಕಾಲು ನಿಂತಿತು. ನಮ್ಮನೆಗೆ ಸೌಟು ಬೇಕಿಲ್ಲ ಕಂದ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ, ಹುಡುಕಿ ತಂದುಕೊಟ್ಟರು.