ಎಡಭಾಗದ ಮೂರನೇ ಒಂದು ಪಾಲು

2003ರ ಜುಲೈ 16, ಬುಧವಾರ, ಬೆಳಿಗ್ಗೆ ಏಳೂವರೆ. ಯಡಿಯೂರಿನ ಮಟನ್ ಅಂಗಡಿಯಲ್ಲಿ ಕುರಿಯ ಹೃದಯವೊಂದನ್ನು ಕೊಂಡು, ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟು, ಜಯನಗರದ ನಮ್ಮ ಕಾಲೇಜಿಗೆ ನಡೆದೆ. ಎಂಎಸ್ಸಿ ಪ್ರಾಜೆಕ್ಟು ಶುರುವಾದದ್ದು ಹಾಗೆ.

ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ದೇಹವೇ ಅಷ್ಟಿಷ್ಟು ತಯಾರಿಸಿಕೊಳ್ಳುತ್ತದೆ. ಹೃದಯದ ಸ್ನಾಯು ಆಮ್ಲಜನಕ ಬಳಸುವುದಕ್ಕೆ ಅದು ಕಡಿವಾಣ ಹಾಕುತ್ತದೆ. ಶ್ವಾಸಕೋಶಕ್ಕೆ ರಕ್ತ ತಳ್ಳುವ ಬಲಭಾಗದಲ್ಲೂ ಮೈಗೆಲ್ಲ ತಳ್ಳುವ ಎಡಭಾಗದಲ್ಲೂ ಈ ಕಡಿವಾಣ ಒಂದೇ ಸಮವೇ? ನನ್ನ ಪ್ರಶ್ನೆ ಇಷ್ಟೇ.

ಎರಡೂ ಭಾಗಗಳ ಗೋಡೆಯಿಂದ ತೆಳುವಾದ ಚೂರು ಕತ್ತರಿಸಿ, ಮುಚ್ಚಿದ ಪುಟ್ಟ ಪಾತ್ರೆಯಲ್ಲಿ ಅವು ಎಷ್ಟು ಆಮ್ಲಜನಕ ಬಳಸುತ್ತವೆಂದು ಅಳೆಯುತ್ತಿದ್ದೆ. ಆಮೇಲೆ ಆ ಅನಿಲವನ್ನು ಬಿಡುವ ಔಷಧಿ ಹಾಕಿ ಮತ್ತೆ ಅಳೆಯುತ್ತಿದ್ದೆ. ದಸರಾ ರಜೆಯ ಹೊತ್ತಿಗೆ ಹನ್ನೊಂದು ಹೃದಯಗಳಾದವು. ಎಡದಲ್ಲಿ ಬಳಕೆ ಪ್ರತಿಸಲವೂ ಇಳಿಯಿತು. ಬಲದ್ದು ಮಾತ್ರ ಒಂದು ದಿನ ಎಡದಷ್ಟೇ ಇಳಿದರೆ ಇನ್ನೊಂದು ದಿನ ಅಲುಗಾಡುತ್ತಿರಲಿಲ್ಲ.

ಪ್ರಾಜೆಕ್ಟಿಗೆ ಗೈಡ್ ಆಗಿದ್ದ ಮೇಷ್ಟ್ರು ನನ್ನ ಅಂಕಿಗಳ ಪಟ್ಟಿ ನೋಡಿ ಕನ್ನಡಕ ತೆಗೆದರು. "ಬಲಗಡೆ ಏನಪ್ಪಾ ಇದು, ಚಿತ್ರಾನ್ನ? ಗೋಡೆ ತೆಳು ಅಲ್ವಾ, ಎಡದ್ರಲ್ಲಿ ಮೂರನೇ ಒಂದು ಪಾಲು ಅಂತ ಹಾಕ್ಬಿಡು."

"ಸಾರ್, ನಾವು ಲೆಕ್ಕ ಹಾಕಿರೋದು ಒಂದು ಗ್ರಾಂ ಸ್ನಾಯುಗೆ ಎಷ್ಟು ಅಂತ. ಗೋಡೆ ತೆಳು ಆದ್ರೇನು, ದಪ್ಪ ಆದ್ರೇನು? ಇನ್ನೂ ನಾಲ್ಕು ಹೃದಯ ನೋಡ್ತೀನಿ."

"ಔಷಧಿ ಯಾರು ತರಿಸ್ತಾರೆ? ಎಕ್ಸಾಮಿನರ್ ಬಲಗಡೆ ಕೇಳಲ್ಲ. ನಮ್ಮ ಕಾಲದಲ್ಲಿ ನಮ್ಮನ್ನೂ ಯಾರೂ ಕೇಳಿರ್ಲಿಲ್ಲ."

ಹೊರಗೆ ಬಂದ ಮೇಲೆ ಪಕ್ಕದ ಟೇಬಲ್ಲಿನ ಗೆಳೆಯ ನಕ್ಕ. "ಹಾಕ್ಬಿಡೋ ಮಗಾ. ಕುರಿ ಬಂದು ಕೇಸ್ ಹಾಕಲ್ಲ."

ನನಗೆ ನಗು ಬರಲಿಲ್ಲ. ಉತ್ತರ ಮೊದಲೇ ಗೊತ್ತಿದ್ದರೆ ಮೂರು ತಿಂಗಳು ಕತ್ತರಿಸಿದ್ದು ಯಾತಕ್ಕೆ? ಎಡವನ್ನು ಅಳೆದು ಬಲವನ್ನು ಊಹಿಸುವುದು ಗೈಡಿಗೆ ತಪ್ಪೆಂದೇ ಕಾಣಲಿಲ್ಲ. ಅವರ ಗೈಡೂ ಹಾಗೆಯೇ ಮಾಡಿಸಿರಬೇಕು. ನಾನು ಸುಳ್ಳು ಅಂಕಿ ಬರೆಯಲಿಲ್ಲ, ಅವರು ಸಹಿ ಹಾಕಲಿಲ್ಲ. ಕೊನೆಗೆ ಬಲದ ಅಂಕಣವನ್ನೇ ಕಿತ್ತುಹಾಕಿ, ಶೀರ್ಷಿಕೆಯಲ್ಲಿ 'ಎಡಭಾಗ' ಎಂದು ತಿದ್ದಿ ಕೊಟ್ಟೆ. ಒಳ್ಳೆಯ ಅಂಕ ಬಂತು. ಕೇಳಲು ಹೊರಟ ಪ್ರಶ್ನೆ ಮಾತ್ರ ಆ ವರದಿಯಲ್ಲಿ ಎಲ್ಲೂ ಇಲ್ಲ.

ಒಂದೇ ಪ್ರಾಣಿಯ ಎರಡೂ ಭಾಗಗಳನ್ನು ನಿಜವಾಗಿ ಅಳೆದವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಬರೆಯಿರಿ. ನಿಮ್ಮ ಅಂಕಿಗಳೂ ನನ್ನವುಗಳಂತೆ ಏರುಪೇರಾಗಿದ್ದರೆ ಹಾಗೆಯೇ ಕಳಿಸಿ.