ಗದಗಿನ ನಂಬರಿನ ಕಾರು

ನಮ್ಮ ಯಜಮಾನರಷ್ಟು ಹೆದರುವ ಮನುಷ್ಯನನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಮನೆಗೆ ಬೀಗ ಹಾಕಿ ಗೇಟಿನ ತನಕ ಬಂದವರು ತಿರುಗಿ ಹೋಗಿ ಬೀಗ ಜಗ್ಗಿ ನೋಡುತ್ತಾರೆ. ಗ್ಯಾಸ್ ಸಿಲಿಂಡರ್ ತಂದವನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು, ಸೋಪಿನ ನೀರು ಸವರಿ, ಗುಳ್ಳೆ ಏಳುತ್ತದೆಯೇ ಎಂದು ಕಣ್ಣಿಟ್ಟು ಕೂರುತ್ತಾರೆ. ಮದುವೆಮನೆಗೆ ಹೋದರೂ ಮೊದಲು ಪೆಂಡಾಲಿನ ವೈರು ನೋಡುತ್ತಾರೆ, ಮದುಮಗಳನ್ನು ಆಮೇಲೆ.

ಹೆಸರು ಉಮಾಪತಿ, ಊರು ಗದಗ. ವಿಶಾಖಪಟ್ಟಣದ ಒಂದು ಸರ್ಕಾರಿ ಕಾರ್ಖಾನೆಯ ಸುರಕ್ಷತಾ ವಿಭಾಗದಲ್ಲಿ ಎಂಜಿನಿಯರು. ಎಲ್ಲಿ ಏನು ಬೀಳಬಹುದು, ಯಾವುದು ಹೊತ್ತಿಕೊಳ್ಳಬಹುದು ಎಂದು ಮುಂಚೆಯೇ ಯೋಚಿಸುವುದಕ್ಕೆ ಇವರಿಗೆ ಸಂಬಳ ಕೊಡುತ್ತಾರೆ. ಟೌನ್‌ಶಿಪ್ಪಿನ ಮನೆಗೆ ಬಂದ ಮೇಲೂ ಆ ಕೆಲಸ ನಿಲ್ಲುವುದಿಲ್ಲ ಎಂಬುದೇ ನನ್ನ ತಕರಾರು. ಮದುವೆಯಾದ ಹೊಸತರಲ್ಲಿ ನಕ್ಕೆ. ಆಮೇಲೆ ಜಗಳವಾಡಿದೆ. ಕೊನೆಗೆ ಸೋತು, ಒಂದು ದಿನವಾದರೂ ಈ ಮನುಷ್ಯ ಹೆದರದೆ ಇರುವುದನ್ನು ತೋರಿಸಪ್ಪಾ ಎಂದು ಮನೆದೇವರಿಗೆ ಹರಕೆ ಹೊತ್ತೆ. ದೇವರು ತೋರಿಸಿದ. ಅವತ್ತು ನನ್ನ ಜೀವ ಬಾಯಿಗೆ ಬಂದಿತ್ತು.

ಎರಡು ಸಾವಿರದ ಐದರ ಸುಮಾರು. ಮಳೆಯಲ್ಲಿ ಸ್ಕೂಟರ್ ಜಾರಿ ನನ್ನ ಮಣಿಕಟ್ಟು ಮುರಿದ ಮೇಲೆ ಇವರು ಸ್ಕೂಟರಿಗೂ ಹೆದರತೊಡಗಿದರು. ಸರಿ, ಕಾರು ಕೊಳ್ಳೋಣ ಎಂದೆ. ಹೊಸ ಕಾರು ನಮ್ಮ ಕೈಗೆ ಎಟುಕುವಂಥದ್ದಲ್ಲ, ಹಳೆಯದೇ ಆಗಬೇಕು. ಅಲ್ಲಿಂದ ಹಿಡಿಯಿತು ನೋಡಿ ಗ್ರಹಚಾರ. ಗಾಜುವಾಕದಲ್ಲಿ ಒಂದು ನೋಡಿದರು, ಮಾರುವವನು ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಲಿಲ್ಲ ಎಂದು ಬೇಡವೆಂದರು. ಭೀಮುನಿಪಟ್ಟಣದಲ್ಲಿ ಇನ್ನೊಂದು, ಸಮುದ್ರದ ಗಾಳಿಗೆ ತಳ ತುಕ್ಕು ತಿಂದಿದೆ ಎಂದರು. ಮೂರನೆಯದರ ಮಾಲೀಕ ಒಳ್ಳೆಯವನೇ, ಆದರೆ ಅವನ ಹಿಂದಿನ ಮಾಲೀಕ ಯಾರೆಂದು ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ.

"ಕದ್ದ ಗಾಡಿ ಇದ್ರ? ಯಾರಿಗರ ಹಾಯಿಸಿ ಬಂದಿದ್ದ ಗಾಡಿ ಇದ್ರ? ಪೊಲೀಸರು ಬಂದು ಕೇಳೂದು ನನ್ನ, ಶಾರದಾ. ಸರ್ಕಾರಿ ನೌಕರಿ. ಒಂದ ಕೇಸ್ ಬಿತ್ತಂದ್ರ ಮುಗೀತು" ಎನ್ನುತ್ತಿದ್ದರು.

ಅದಕ್ಕಾಗಿ ಇವರದೊಂದು ಪದ್ಧತಿ ಇತ್ತು. ಪ್ಯಾಂಟಿನ ಜೇಬಿನಲ್ಲಿ ಸದಾ ಒಂದು ಮೋಟು ಪೆನ್ಸಿಲ್ಲು, ತೆಳು ಕಾಗದ. ಬಾನೆಟ್ ಎತ್ತಿಸಿ, ಚಾಸಿಸ್ ಮೇಲೆ ಕೊರೆದ ನಂಬರಿನ ಮೇಲೆ ಕಾಗದ ಒತ್ತಿ, ಪೆನ್ಸಿಲ್ ಉಜ್ಜಿದರೆ ಅಂಕಿಗಳೆಲ್ಲ ಮೂಡುತ್ತವೆ. ಆರ್‌ಸಿ ಪುಸ್ತಕದ ನಂಬರಿಗೆ ಅದನ್ನು ಹೊಂದಿಸಿ ನೋಡಬೇಕು. ಆಮೇಲೆ, ಎಲ್ಲಾದರೂ ಹೊಸ ಬಣ್ಣ ಬಳಿದಿದ್ದಾರೆಯೇ ಎಂದು ಗಾಡಿಯ ಮೈಯನ್ನು ಬೆಳಕಿನಲ್ಲಿ ಓರೆಯಾಗಿ ನೋಡಬೇಕು. ಕೊನೆಗೆ ಮಾರುವವನನ್ನು ಕರೆದುಕೊಂಡು ಪೊಲೀಸ್ ಸ್ಟೇಷನ್ನಿಗೆ ಹೋಗಿ, ಗಾಡಿಯ ಮೇಲೆ ಕೇಸೇನಾದರೂ ಇದೆಯೇ ಎಂದು ವಿಚಾರಿಸಬೇಕು. ಈ ಕೊನೆಯ ಮಾತಿಗೆ ಅರ್ಧ ಜನ ಅಲ್ಲೇ ಮುನಿಸಿಕೊಂಡು ಬಾನೆಟ್ ಮುಚ್ಚಿಬಿಡುತ್ತಿದ್ದರು.

ಹೀಗಿರುವಾಗ ಕನ್ನಡ ಸಂಘದಲ್ಲಿ ಯಾರೋ ಒಂದು ಸುದ್ದಿ ಹೇಳಿದರು. ವಿಜಯವಾಡದಲ್ಲಿ ಧನಂಜಯ ಅಂತ ಒಬ್ಬ ಬ್ಯಾಂಕ್ ಅಧಿಕಾರಿ ಇದ್ದಾರೆ, ನಿಮ್ಮ ಗದಗಿನವರೇ, ಹುಬ್ಬಳ್ಳಿಗೆ ವರ್ಗವಾಗಿದೆ, ಕಾರು ಮಾರುತ್ತಿದ್ದಾರೆ ಎಂದು. ಇವರು ಫೋನ್ ಮಾಡಿದರು. ಮಾತು ಕಾರಿನಿಂದ ಶುರುವಾಗಿ, ಬೆಟಗೇರಿಯ ಓಣಿಗಳಿಗೆ ಹೋಗಿ, ಶಾಲೆಯ ಮಾಸ್ತರರ ತನಕ ತಲುಪಿತು. ಫೋನ್ ಇಟ್ಟಾಗ ಇವರ ಮುಖದಲ್ಲಿ ನಾನೆಂದೂ ನೋಡದ ಕಳೆ ಇತ್ತು.

"ಕೆಎ ಇಪ್ಪತ್ತಾರ ಗಾಡಿಯಂತ ಶಾರದಾ. ನಮ್ಮ ಗದಗಿನ ನಂಬರ್!"

ನಾನೂ ಇವರೂ ಮಗಳು ಹರಿಣಿಯೂ ರೈಲು ಹತ್ತಿ ವಿಜಯವಾಡಕ್ಕೆ ಹೋದೆವು. ಧನಂಜಯ ಅವರ ಮನೆ ಗವರ್ನರ್‌ಪೇಟೆಯ ಅಂಗಡಿಸಾಲಿನ ಹಿಂದಿನ ಓಣಿಯಲ್ಲಿ. ಕೆಳಗೆ ಮನೆ ಯಜಮಾನಿ, ಒಬ್ಬ ತೆಲುಗು ಅಜ್ಜಿ. ಮೇಲೆ ಬಾಡಿಗೆಗೆ ಧನಂಜಯ ಅವರು. ಅಂಗಳದಲ್ಲಿ ಬಿಳಿಯ ಮಾರುತಿ ಕಾರು ನಿಂತಿತ್ತು. ನಮ್ಮ ಯಜಮಾನರು ಬಾನೆಟ್ಟಿನ ಹತ್ತಿರ ಹೋಗಲಿಲ್ಲ. ಬಗ್ಗಿ, ನಂಬರ್ ಪ್ಲೇಟಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದರು.

"ಬರ್ರಿ ಬರ್ರಿ, ಮ್ಯಾಲ ಬರ್ರಿ. ಮೊದ್ಲ ಊಟ, ಆಮ್ಯಾಲ ಕಾರು" ಎಂದು ಧನಂಜಯ ಮೆಟ್ಟಿಲ ಮೇಲಿಂದಲೇ ಕೂಗಿದರು.

ಅವರ ಹೆಂಡತಿ ಉಮಾದೇವಿ ಬಿಸಿ ಜೋಳದ ರೊಟ್ಟಿ ಬಡಿದು ಬಡಿದು ಹಾಕಿದಳು. ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು. ಎಷ್ಟೋ ವರ್ಷ ಅನ್ನ ಪಪ್ಪು ತಿಂದ ಬಾಯಿ. ಇವರು ರೊಟ್ಟಿ ಮುರಿಯುತ್ತ, ನಗುತ್ತ, ಕೂತಲ್ಲೇ ಕರಗಿಹೋದರು. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿನ ಆರ್‌ಟಿಒ ಕಚೇರಿಯಿಂದ ಒಪ್ಪಿಗೆ ತರಬೇಕು, ಪೊಲೀಸರಿಂದ ಕೇಸಿಲ್ಲ ಎಂದು ಬರೆಸಬೇಕು. ಅದನ್ನು ನನಗೆ ಬಾಯಿಪಾಠ ಮಾಡಿಸಿದವರೇ ಇವರು. ಧನಂಜಯ "ಅದೆಲ್ಲಾ ನಾ ಹುಬ್ಬಳ್ಳಿಗೆ ಹೋದಮ್ಯಾಲ ಮಾಡಿಸಿ ಕಳಿಸ್ತೇನಿ, ನೀವು ಗಾಡಿ ಒಯ್ರಿ" ಎಂದಾಗ, "ಅಯ್ಯ, ಅದಕ್ಕೇನ್ರಿ ಅವಸರ! ನೀವೇನು ಹೊರಗಿನವ್ರ?" ಎಂದುಬಿಟ್ಟರು.

ನಾನು ಇವರ ಮುಖ ನೋಡಿದೆ. ಹೆದರಿಕೆ ಒಂದಿಷ್ಟೂ ಇರಲಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಖುಷಿಯೇ ಆಯಿತು. ರಾತ್ರಿ ಅಲ್ಲೇ ಹಾಸಿಗೆಗೆ ಬಿದ್ದವರೇ ಇವರು ಮಗುವಿನ ಹಾಗೆ ನಿದ್ದೆ ಹೋದರು. ಬಾಗಿಲ ಚಿಲಕ ಕೂಡ ನೋಡಲಿಲ್ಲ.

ಬೆಳಿಗ್ಗೆ ಕಾರು ಕೊಡುವ ಏರ್ಪಾಡು. ಉಮಾದೇವಿ ತಟ್ಟೆಯಲ್ಲಿ ಎಲೆ, ಅಡಿಕೆ, ಅರಿಶಿನ, ಕುಂಕುಮ ಜೋಡಿಸಿ ಅದರ ನಡುವೆ ಕಾರಿನ ಕೀ ಇಟ್ಟಿದ್ದಳು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಡಲು ಹೋದಳು. ಅಷ್ಟರಲ್ಲಿ ಹರಿಣಿ ಕೆಳಗಿನ ಅಜ್ಜಿಯ ಹತ್ತಿರ ಮಾತಾಡಿ ಮೇಲೆ ಬಂದವಳು ನನ್ನ ಸೆರಗು ಹಿಡಿದು ಅಡುಗೆಮನೆಯ ಮೂಲೆಗೆ ಎಳೆದಳು. ಅವಳು ಹುಟ್ಟಿ ಬೆಳೆದದ್ದು ವಿಶಾಖಪಟ್ಟಣದಲ್ಲಿ. ತೆಲುಗು ಅವಳಿಗೆ ನೀರು ಕುಡಿದಷ್ಟು ಸಲೀಸು, ನಮ್ಮ ಭಾಷೆಯೇ ತಡವರಿಸುತ್ತದೆ.

"ಅಮ್ಮಾ, ಕೆಳಗಿನ ಮಾಮ್ಮಗಾರು ಅಂದ್ರು... ಈ ಕಾರು ಹೋಗ್ತದಾ, ಹಮ್ಮಯ್ಯ, ಒಳ್ಳೇದಾಯ್ತು, ಅಂದ್ರು. ಪೊಲೀಸರು ಓಣಿಗೆ ವಚ್ಚಿ... ಬಂದು ಕೇಳಿದ್ರಂತೆ. ಬೇರೆ ಸ್ಟೇಟ್ ನಂಬರ್ ವೈಟ್ ಕಾರು ಯಾರದು ಅಂತ. ಆ ದಿನ ಇದು ರಿಪೇರಿ ಶೆಡ್ಡಿನಲ್ಲಿ ಇತ್ತಂತೆ. ಒಳ್ಳೆ ಬಾಡಿಗೆಯವರು ಅಂತ ಮಾಮ್ಮಗಾರು ಏನೂ ಹೇಳಲಿಲ್ವಂತೆ."

ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಆರಿಸಬೇಕೆಂದು ಕೂಡ ತೋಚಲಿಲ್ಲ. ಹೊರಗೆ ಇವರು ದೊಡ್ಡ ದನಿಯಲ್ಲಿ ನಗುತ್ತಿದ್ದರು. ಇವರನ್ನು ಕರೆದು ಹೇಳೋಣವೆಂದರೆ ಧನಂಜಯ, ಉಮಾದೇವಿ ಇಬ್ಬರೂ ಪಕ್ಕದಲ್ಲೇ ಇದ್ದಾರೆ. ಹೇಳದಿದ್ದರೆ ಇನ್ನು ಸ್ವಲ್ಪ ಹೊತ್ತಿಗೆ ಇವರು ಕೀ ತಿರುಗಿಸುತ್ತಾರೆ, ನಾನು ಪಕ್ಕದಲ್ಲಿ, ಮಗಳು ಹಿಂದೆ. ಏಲೂರು, ರಾಜಮಂಡ್ರಿ, ತುನಿ, ಎಲ್ಲ ಕಡೆಯೂ ಪೊಲೀಸರಿದ್ದಾರೆ. ಬಿಳಿ ಕಾರು, ಹೊರಗಿನ ನಂಬರು. ಕೊರಳಪಟ್ಟಿ ಹಿಡಿದು ಇವರನ್ನು ಕೆಳಗಿಳಿಸುವುದು ಕಣ್ಣಿಗೆ ಕಟ್ಟಿತು. ಇಷ್ಟು ವರ್ಷ ಇವರು ಹೇಗೆ ಬದುಕಿದ್ದಾರೆಂದು ನನಗೆ ಅಡುಗೆಮನೆಯ ಆ ಮೂಲೆಯಲ್ಲಿ ನಿಂತು ಗೊತ್ತಾಯಿತು.

ಆದರೆ ಅವರ ಮನೆಯ ಉಪ್ಪು ತಿಂದಾಗಿತ್ತು. ತಾಂಬೂಲದ ತಟ್ಟೆ ಎದುರಿಗಿಟ್ಟುಕೊಂಡು ನಿಮ್ಮ ಗಾಡಿಯ ಮೇಲೆ ಕೇಸಿದೆಯೇ ಎಂದು ಊರಿನವರನ್ನು ಹೇಗೆ ಕೇಳುವುದು? ಅಂಗಳಕ್ಕೆ ಇಳಿದೆ. ಉಮಾದೇವಿ ನನ್ನ ಹಣೆಗೆ ಕುಂಕುಮ ಹಚ್ಚಿದಳು. ಧನಂಜಯ ತಟ್ಟೆ ಎತ್ತಿ ಇವರ ಮುಂದೆ ಹಿಡಿದರು. ಇವರು ಎರಡೂ ಕೈ ಚಾಚಿದರು.

ನಾನು ಮುಂದೆ ಹೋಗಿ, ಎಲ್ಲರ ಎದುರಿಗೇ ಇವರ ಪ್ಯಾಂಟಿನ ಜೇಬಿಗೆ ಕೈ ಹಾಕಿದೆ. ಆ ಮೋಟು ಪೆನ್ಸಿಲ್ಲನ್ನೂ ಕಾಗದವನ್ನೂ ತೆಗೆದು, ಚಾಚಿದ ಕೈಯಲ್ಲಿ ಇಟ್ಟೆ.

"ಇದನ್ನ ಮರ್ತೀರಿ" ಎಂದೆ.

ಇವರು ನಾಚಿಕೆಯಿಂದ ಕೆಂಪಾದರು. "ಏ, ಹುಚ್ಚೀ! ಈಗ್ಯಾಕ ಅದು? ಇವ್ರೇನು ಹೊರಗಿನವ್ರ?"

"ನನಗ ಅಂಜಿಕಿ ಬಂದೈತ್ರಿ."

ಇವರು ನನ್ನನ್ನೇ ನೋಡಿದರು. ನನ್ನ ಬಾಯಿಂದ ಆ ಮಾತನ್ನು ಇವರು ಕೇಳಿದ್ದೇ ಇಲ್ಲ. ಹೆರಿಗೆಯ ಹೊತ್ತಿನಲ್ಲೂ ನಾನು ಅದನ್ನು ಆಡಿದವಳಲ್ಲ. ಏನೂ ಕೇಳದೆ ಬಾನೆಟ್ ಎತ್ತಿದರು, ಕಾಗದ ಒತ್ತಿದರು, ಪೆನ್ಸಿಲ್ ಉಜ್ಜಿದರು. ನಂಬರು ಸರಿಯಾಗಿತ್ತು. ಧನಂಜಯ ಉಸಿರುಬಿಟ್ಟದ್ದು ನನಗೆ ಕೇಳಿಸಿತು. ಆದರೆ ಒಮ್ಮೆ ಶುರುವಾದ ಮೇಲೆ ಇವರು ನಿಲ್ಲುವವರಲ್ಲ. ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬಿಸಿಲಿನಲ್ಲಿ ಓರೆಯಾಗಿ ನೋಡಿದರು. ಬಲಗಡೆಯ ದೀಪದ ಗಾಜು ಹಳದಿಗಟ್ಟಿತ್ತು, ಎಡಗಡೆಯದು ಹೊಸದು. ಎಡಗಡೆಯ ಬಣ್ಣ ಒಂದು ಛಾಯೆ ಬೆಳ್ಳಗೆ.

"ಇದು ಯಾವಾಗ ಆಗಿದ್ದು?"

"ಗ್ವಾಡಿಗೆ ತಾಗಿತ್ರಿ, ಹಿಂದಕ್ಕ" ಎಂದರು ಧನಂಜಯ.

"ಗ್ವಾಡಿಗೆ ತಾಗಿದ್ರ ಬಂಪರ್ ಮೊದ್ಲ ಒಡೀತೈತ್ರಿ. ಬಂಪರ್ ಹಳೇದ ಐತಲ್ಲ. ಮುಂದಿನ ಗಾಜೂ ಹೊಸಾದು." ಇವರ ದನಿ ಸಣ್ಣದಾಗುತ್ತ ಹೋಯಿತು. ಎದ್ದು ನಿಂತಾಗ ಮುಖದಲ್ಲಿ ಅದೇ ಹಳೆಯ ಹೆದರಿಕೆ ಬಂದು ಕೂತಿತ್ತು. ಇವರ ಹಗುರವಾದ ಮುಖ ಒಂದು ದಿನದ ಮಟ್ಟಿಗೆ ನನಗೆ ಸಿಕ್ಕಿತ್ತು. ಅದನ್ನು ನಾನೇ ಕಸಿದುಕೊಂಡಿದ್ದೆ. "ನಡ್ರಿ ಧನಂಜಯ ಅವರ, ಸ್ಟೇಷನ್ನಿಗೆ ಹೋಗಿ ಒಂದ ಮಾತು ಕೇಳ್ಕೊಂಡು ಬರೋಣ."

ಧನಂಜಯ ತಟ್ಟೆ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಏಲೂರಿನ ರಸ್ತೆಯಲ್ಲಿ, ಮಬ್ಬುಗತ್ತಲಾಗುವ ಹೊತ್ತು, ಸೈಕಲ್ಲಿನಲ್ಲಿ ಒಬ್ಬ ಅಡ್ಡ ಬಂದಿದ್ದನಂತೆ. ಕಾರು ಅವನಿಗೆ ಬಡಿದರೂ ಧನಂಜಯ ನಿಲ್ಲಿಸಲಿಲ್ಲ. ಜನ ಸೇರುತ್ತಾರೆ, ಭಾಷೆ ಸರಿಯಾಗಿ ಬರುವುದಿಲ್ಲ, ಹೊಡೆಯುತ್ತಾರೆ ಎಂದು ಹೆದರಿ ಬಂದುಬಿಟ್ಟರಂತೆ.

"ಅವ ಬದುಕ್ಯಾನೇನ್ರಿ?" ಎಂದು ಇವರು ಕೇಳಿದರು.

"ಗೊತ್ತಿಲ್ರಿ. ಹೋಗಿ ಕೇಳಾಕ ಧೈರ್ಯ ಆಗ್ಲಿಲ್ಲ."

"ನಮಗ ಯಾಕ ಕೊಡಾಕ ಬಂದ್ರಿ?"

ಧನಂಜಯ ತಲೆ ಎತ್ತಲಿಲ್ಲ. "ಇಲ್ಲಿಯವ್ರು ಬಂದು ನೋಡಿದ್ರು. ಎಲ್ಲಾರೂ ಒಂದಕ್ಕೆರಡು ಪ್ರಶ್ನೆ ಕೇಳ್ತಿದ್ರು. ನಮ್ಮೂರವ್ರಾದ್ರ... ಏನೂ ಕೇಳಂಗಿಲ್ಲ ಅಂತ."

ಉಮಾದೇವಿ ಗೋಡೆಗೆ ಮುಖಮಾಡಿ ಅಳುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು, ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದೆ. ಇವರು ಕೈ ಹಿಡಿದು ತಡೆದರು. "ನೀವ ಹೋಗಿ ಹೇಳ್ರಿ. ನೀವು ಹೇಳ್ಲಿಲ್ಲಂದ್ರ ನಾ ಹೇಳ್ತೇನಿ" ಎಂದು ಧನಂಜಯ ಅವರಿಗೆ ಹೇಳಿದರು. ಮುಖದ ಮೇಲಿನ ಹೆದರಿಕೆ ಹಾಗೇ ಇತ್ತು. ಆದರೂ ಹೇಳಿದರು.

ರೈಲಿನಲ್ಲಿ ಕಿಟಕಿಯ ಸರಳು ಹಿಡಿದು ಕೂತವರು ಗೋದಾವರಿ ದಾಟುವಾಗ ನದಿಗೆ ಒಂದು ನಾಣ್ಯ ಹಾಕಿದರು. ಆಮೇಲೆ, "ಈ ಹೊತ್ತಿಗೆ ನಾ ಆ ಗಾಡಿ ಹೊಡ್ಕೊಂಡು ಬರ್ತಿದ್ದೆ. ಹಿಡಿದಿದ್ರ, ಆ ಮನಷ್ಯಾಗ ನಾನ ಹಾಯಿಸಿದೆ ಅಂತಿದ್ರು. ಹರಿಣಿ ಹಿಂದ ಕುಂತಿರ್ತಿದ್ಲು" ಎಂದರು. ಹರಿಣಿಯ ತಲೆ ಸವರುತ್ತ, "ರೊಟ್ಟಿ ಚಲೋ ಇದ್ವು" ಎಂದು ಗೊಣಗಿದರು.

ಮರುದಿನ ವಿಜಯವಾಡಕ್ಕೆ ಫೋನ್ ಮಾಡಿದರು. ಎತ್ತಿದವಳು ಉಮಾದೇವಿ. ಗಂಡ ವಕೀಲರ ಜೊತೆ ಸ್ಟೇಷನ್ನಿಗೆ ಹೋಗಿದ್ದಾರೆ ಎಂದಳು. ಸೈಕಲ್ಲಿನವನು ಹೇಗಿದ್ದಾನೆ ಎಂದು ಇವರು ಕೇಳಿದರು. ಆಕೆ ಫೋನ್ ಇಟ್ಟುಬಿಟ್ಟಳು. ಅದು ನಮಗೆ ಇವತ್ತಿಗೂ ಗೊತ್ತಿಲ್ಲ. ಇವರು ಸಂಘಕ್ಕೆ ಹೋಗುವುದನ್ನು ಬಿಟ್ಟರು.

ಆಮೇಲೆ ಕಾರ್ಖಾನೆಯ ತೆಲುಗು ಸಹೋದ್ಯೋಗಿಯೊಬ್ಬರ ಹಳೆಯ ಕಾರು ಕೊಂಡೆವು. ಎಲ್ಲ ಪರೀಕ್ಷೆಯೂ ಆಯಿತು, ಸ್ಟೇಷನ್ ಕೂಡ. ಒಂದು ಭಾನುವಾರ ಭೀಮುನಿಪಟ್ಟಣದ ಸಮುದ್ರಕ್ಕೆ ಹೋಗಿದ್ದೆವು. ಚುರುಮುರಿಯ ಮುರಿ ಮಿಕ್ಸ್ಚರ್ ಮಾರುವ ಗಾಡಿಯ ಹತ್ತಿರ ನಿಂತು ನಾನೂ ಇವರೂ ಮಾತಾಡುವುದನ್ನು ಕೇಳಿ, ಹೆಂಡತಿ ಮಕ್ಕಳೊಂದಿಗೆ ಬಂದಿದ್ದ ಒಬ್ಬರು ಅರಳಿದ ಮುಖದಿಂದ ಹತ್ತಿರ ಬಂದರು.

"ಗದಗಿನ ಕಡೆಯವ್ರೇನ್ರಿ? ಮಾತ ಕೇಳಿದ್ರ ಹಂಗ ಅನಿಸ್ತು. ನಮ್ದು ನರಗುಂದ. ನಿಮ್ದು ಯಾವೂರ್ರಿ?"

ಮೊದಲಾಗಿದ್ದರೆ ಇವರು ಆ ಮನುಷ್ಯನ ಕೈ ಹಿಡಿದುಕೊಂಡು, ಊಟಕ್ಕೆ ಬನ್ನಿ ಎಂದು ಎಳೆದುಕೊಂಡು ಬರುತ್ತಿದ್ದರು. ಈಗ ಒಂದು ಹೆಜ್ಜೆ ಹಿಂದೆ ಸರಿದು, ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದರು.

"ಮಾದಿ ವೈಜಾಗೇನಂಡಿ" ಎಂದರು. ನಮ್ಮದು ವಿಶಾಖಪಟ್ಟಣವೇ ಎಂದು ತೆಲುಗಿನಲ್ಲಿ ಹೇಳಿ, ಸಮುದ್ರದ ಕಡೆ ಮುಖ ತಿರುಗಿಸಿದರು.